ನೀಲಿ ಚುಕ್ಕೆಗಳ ಡಾಕ್ಟರಮ್ಮ

ನಮ್ಮ ಲ್ಯಾಬಿನ ಡಾಕ್ಟರಮ್ಮನಿಗೆ ಯಾರ ಮುಖವೂ ನೆನಪಿರುವುದಿಲ್ಲ. ಬಾಯಿ ತೆರೆದು ಒಳಗನ್ನು ತೋರಿಸಿದರೆ ಮಾತ್ರ ಥಟ್ಟನೆ ಗುರುತು ಹಿಡಿಯುತ್ತಾರೆ. ಯಾರದೋ ಬಾಯೊಳಗಿನ, ಮುಂದೆ ಕ್ಯಾನ್ಸರಾಗಬಹುದಾದ ಬಿಳಿ ಮಚ್ಚೆಯ ಚೂರು ಸೂಕ್ಷ್ಮದರ್ಶಕದಡಿ ಬಂತೆಂದರೆ, ಅದರ ಬುಡಕ್ಕೆ ಮುತ್ತಿಗೆ ಹಾಕಿದ ರೋಗನಿರೋಧಕ ಕಣಗಳ ನೀಲಿ ಚುಕ್ಕೆಗಳನ್ನು "ಬಂದ್ರೇನ್ರಪ್ಪಾ? ಬಿಡಬೇಡಿ ಅದನ್ನ!" ಎಂದು ಹುರಿದುಂಬಿಸುತ್ತಾರೆ. ಚುಕ್ಕೆಗಳು ವಿರಳವಾಗಿದ್ದರೆ ಅಂದು ಊಟಕ್ಕೂ ಏಳುವುದಿಲ್ಲ. ದಿನಾ ಬೆಳಿಗ್ಗೆ, ಬಣ್ಣ ಮಾಸಿದ ಹಳೆಯ ಗಾಜಿನ ಸ್ಲೈಡೊಂದನ್ನು ನೋಡದೆ ಕೆಲಸಕ್ಕೆ ಕೈ ಹಚ್ಚುವವರಲ್ಲ. "ಕಣ್ಣು ಹದಕ್ಕೆ ಬರ್ಲಿ ಅಂತ" ಎನ್ನುತ್ತಿದ್ದರು. ನಾವೂ ನಂಬಿ ನಗುತ್ತಿದ್ದೆವು. ಮೊನ್ನೆ ಬಾಯಲ್ಲಿ ಮಚ್ಚೆಯೆದ್ದು ಅಳುತ್ತಾ ಬಂದ ಹೆಂಗಸೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಸ್ಲೈಡು ತೋರಿಸಿದರು: "ನೋಡಮ್ಮಾ, ಇದು ನನ್ನ ಕೆನ್ನೆ ಒಳಗಿದ್ದ ಮಚ್ಚೆ. ಈ ನೀಲಿ ಚುಕ್ಕೆಯವ್ರೇ ನನ್ನ ಇಷ್ಟು ವರ್ಷ ಕಾಪಾಡಿದಾರೆ. ಬೆಳಿಗ್ಗೆ ಇವರ ಮುಖ ನೋಡ್ದೆ ಇನ್ಯಾರ ಮುಖ ನೋಡ್ಲಿ?"