ಅಣ್ಣನಿಗೆ ಬೇಡವಾದ ಅಪ್ಪಣೆ

ದೇವರ ಮುಂದೆ ಹೂ ಕೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಒದ್ದೆ ಹೂವನ್ನು ಕಲ್ಲಿನ ವಿಗ್ರಹದ ಎರಡೂ ಕಡೆ ಅಂಟಿಸುತ್ತಾರೆ. ತೇವ ಆರಿದಾಗ ಬಿದ್ದೇ ಬೀಳುತ್ತದೆ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಇಷ್ಟಕ್ಕೇ ಮದುವೆ ಮುರಿದವರಿದ್ದಾರೆ, ಬೋರ್‌ವೆಲ್ ಕೊರೆಸಿದವರಿದ್ದಾರೆ. ನಾನು ಆಹಾರ ವಿಜ್ಞಾನ ಓದಿದವಳು, ಇಂಥದ್ದನ್ನು ನಂಬುವ ಜಾಯಮಾನದವಳಲ್ಲ. ಈಗ ಹೇಳಹೊರಟಿರುವುದನ್ನು ನೀವೂ ನಂಬಲೇಬೇಕೆಂದಿಲ್ಲ.

ಹಾಸನದಲ್ಲಿ ಡಿಗ್ರಿ ಮುಗಿಸಿ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದೆ. ಇಂಗ್ಲಿಷ್ ಪರೀಕ್ಷೆ, ಪ್ರಬಂಧ, ಲ್ಯಾಪ್‌ಟಾಪಿನ ಮುಂದೆ ಕೂತು ಕೊಟ್ಟ ಸಂದರ್ಶನ, ಎಲ್ಲ ಒಬ್ಬಳದೇ ಪಾಡು. ಸೀಟು ಸಿಕ್ಕಿತು. ಆದರೆ ಬ್ಯಾಂಕಿನ ಸಾಲಕ್ಕೆ ಜಮೀನು ತೋರಿಸಬೇಕು, ಜಮೀನು ಅಪ್ಪ ಮತ್ತು ದೊಡ್ಡಪ್ಪನ ಜಂಟಿ ಹೆಸರಿನಲ್ಲಿತ್ತು. ದೊಡ್ಡಪ್ಪನ ಸಹಿ ಇಲ್ಲದೆ ಸಾಲವಿಲ್ಲ, ಸಾಲವಿಲ್ಲದೆ ವೀಸಾ ಇಲ್ಲ. ಕಾಗದ ಒಪ್ಪಿಸಲು ಆ ವಾರವೇ ಕೊನೆ.

ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದ ದೊಡ್ಡಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಹೆಣ್ಣುಮಗಳ ವಿಚಾರ, ಮನೆದೇವರು ಅಮ್ಮನನ್ನು ಒಂದು ಮಾತು ಕೇಳಿಬಿಡೋಣ ಅಂದರು. ನನಗೆ ಮೈಯೆಲ್ಲ ಉರಿಯಿತು. ಅವರ ಮಗ ಓದಲು ಆಸ್ಟ್ರೇಲಿಯಾಕ್ಕೆ ಹೊರಟಾಗ ಯಾವ ದೇವರನ್ನೂ ಕೇಳಿರಲಿಲ್ಲ. ಅಂಗಡಿ ಬೀದಿಗೆಲ್ಲ ಪೇಡ ಹಂಚಿದ್ದರು. ಆ ಅಣ್ಣ ಕೋರ್ಸು ಅರ್ಧಕ್ಕೇ ಬಿಟ್ಟು ಬಂದು ಬುಲೆಟ್ಟಿನಲ್ಲಿ ಊರು ಸುತ್ತುತ್ತಿದ್ದ. ಅದರ ಬಗ್ಗೆ ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅಮ್ಮನ ಗುಡಿ ಹೊಳೆನರಸೀಪುರದ ರಸ್ತೆಯಿಂದ ಸ್ವಲ್ಪ ಒಳಗೆ. ನಡುಮಧ್ಯಾಹ್ನ, ಗಾಳಿಯ ಸುಳಿವೇ ಇಲ್ಲ. ಅಪ್ಪ, ಅವ್ವ, ದೊಡ್ಡಪ್ಪ, ನಾನು, ಮತ್ತೆ ಪೂಜಾರಪ್ಪ. ಅವರು ಹೂ ಅಂಟಿಸಿದರು, ದೊಡ್ಡಪ್ಪ ಕಣ್ಣು ಮುಚ್ಚಿ ಕೇಳಿಕೊಂಡರು. ಕಾದೆವು. ನನ್ನ ಲೆಕ್ಕದಲ್ಲಿ ತೇವ ಆರಿ ಒಂದಾದರೂ ಬೀಳಬೇಕಿತ್ತು. ಎಷ್ಟು ಹೊತ್ತಾದರೂ ಒಂದೂ ಬೀಳಲಿಲ್ಲ. ಅವ್ವನ ಕಾಲು ಜೋಮು ಹಿಡಿಯಿತು, ಅಪ್ಪ ನೆಲ ನೋಡುತ್ತಾ ಕೂತಿದ್ದರು.

ಕೊನೆಗೆ ದೊಡ್ಡಪ್ಪ ಟವೆಲ್ ಕೊಡವಿ ಎದ್ದರು. "ಊವ ಕೊಡ್ನಿಲ್ಲ ಅಂದ್ಮ್ಯಾಕೆ ಅಮ್ಮಂಗೆ ಮನ್ಸಿಲ್ಲ ಅಂತ್ಲೇ ಕಣ್ಲಾ. ಏಳು, ಓಗವ."

ಅಪ್ಪ ಎದ್ದೇಬಿಟ್ಟರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಅಣ್ಣ ಓಗುವಾಗ ಯಾಕೆ ಕೇಳ್ನಿಲ್ಲ ದೊಡ್ಡಪ್ಪ? ಗಂಡ್ಮಗಂಗೆ ಅಪ್ಪಣೆ ಬ್ಯಾಡ್ವಾ?"

ನನ್ನ ಮಾತು ಮುಗಿದಿತ್ತಷ್ಟೆ. ಬಲಗಡೆ, ಎಡಗಡೆ, ಕಿರೀಟದ ಮೇಲೆ, ಎಲ್ಲೆಲ್ಲಿ ಹೂವಿತ್ತೋ ಎಲ್ಲವೂ ಒಟ್ಟಿಗೇ ಬಿದ್ದವು. ದೀಪದ ಕುಡಿ ಅಲುಗಲಿಲ್ಲ. ಅಮ್ಮನ ಕೊರಳಲ್ಲಿದ್ದ ದಪ್ಪ ಹಾರವೂ ಕೆಳಗೆ ಬಿತ್ತು. ಪೂಜಾರಪ್ಪ ಅದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ದಾರ ಕಿತ್ತಿರಲಿಲ್ಲ, ಹಿಂದೆ ಕಟ್ಟಿದ್ದ ಗಂಟು ಬಿಚ್ಚಿರಲಿಲ್ಲ. ಕೊರಳಿನಿಂದ ಅದು ಹೊರಗೆ ಬಂದದ್ದಾದರೂ ಹೇಗೆ?

"ಅಮ್ಮಂಗೆ ಸಿಟ್ ಬಂದೈತೆ," ಅಂದರು ದೊಡ್ಡಪ್ಪ, ನನ್ನನ್ನೇ ನೋಡುತ್ತಾ.

"ಯಾರ ಮೇಲೆ?" ಅಂದೆ.

ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮಾರನೇ ದಿನ ಬ್ಯಾಂಕಿಗೆ ತಾವೇ ಬಂದು, ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ನನ್ನ ಮುಖ ನೋಡದೆ ಹೊರಟುಹೋದರು.

ನಾನು ಹೋದೆ, ಓದಿದೆ, ವಾಪಸ್ಸು ಬಂದು ಹಾಸನದಲ್ಲೇ ಕೆಲಸದಲ್ಲಿದ್ದೇನೆ. ರಸ್ತೆಯ ಲಾರಿಗಳ ಅದುರು ಅಂದುಕೊಂಡು ನೋಡಿದ್ದೇನೆ, ಇಲಿ ಅಂದುಕೊಂಡೂ ನೋಡಿದ್ದೇನೆ. ಯಾವುದೂ ಆ ಗಂಟಿಗೆ ಹೊಂದುವುದಿಲ್ಲ. ಎಲ್ಲ ಅಮ್ಮನ ದಯೆ ಎನ್ನುತ್ತಾರೆ ನೆಂಟರು. ದಯೆಯೋ ಏನೋ, ನನಗೆ ಇನ್ನೂ ಸಿಟ್ಟೇ ಇಳಿದಿಲ್ಲ. ನನ್ನ ಅಂಕ ನೋಡಿ ಹಾಕದ ಸಹಿಯನ್ನು ದೊಡ್ಡಪ್ಪ ಹೆದರಿ ಹಾಕಿದರು. ಹೂ ಹೇಗೆ ಬಿದ್ದವೋ ನನಗೆ ಗೊತ್ತಿಲ್ಲ, ಬಹುಶಃ ಎಂದೂ ಗೊತ್ತಾಗುವುದಿಲ್ಲ. ಬೀಳದೇ ಹೋಗಿದ್ದರೆ ನನ್ನ ಹೆತ್ತವರಲ್ಲಿ ಒಬ್ಬರೂ ಅಲ್ಲಿ ನನ್ನ ಪರವಾಗಿ ಬಾಯಿ ಬಿಡುತ್ತಿರಲಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತು.