ಏಂಡಿ ಬಲೆಯ ಹಗ್ಗ

ಕಾರವಾರದಲ್ಲಿ ಮೆಡಿಕಲ್ ಓದುವಾಗ ಹಾಸ್ಟೆಲಿನ ಒಂದು ಮಹಡಿ ಹತ್ತುವುದಕ್ಕೂ ನಾವು ಲಿಫ್ಟಿಗೆ ಕಾಯುತ್ತಿದ್ದೆವು. ಓಪಿಡಿಯಲ್ಲಿ ಮಾತ್ರ ಬಂದವರಿಗೆಲ್ಲ ‘ದಿನಾ ನಡೀರಿ’ ಎಂಬ ಉಪದೇಶ. ನಮಗೆ ನಡೆಯಲು ಪುರಸೊತ್ತೆಲ್ಲಿ, ಓದುವುದು ರಾಶಿ ಬಿದ್ದಿತ್ತಲ್ಲ!

ಒಂದು ಭಾನುವಾರ ಬೆಳಿಗ್ಗೆ ರೂಮ್‌ಮೇಟ್ ನನ್ನನ್ನು ಎಬ್ಬಿಸಿ ಕಡಲ ದಂಡೆಗೆ ಕರೆದೊಯ್ದಳು. ಅವಳು ಮಂಜಗುಣಿಯ ಮೀನುಗಾರರ ಮನೆಯವಳು. ದಂಡೆಯಲ್ಲಿ ಏಂಡಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಿಟ್ಟು ಬಂದ ಬಲೆಯನ್ನು ಎಲ್ಲರೂ ಹಗ್ಗ ಹಿಡಿದು, ಹಿಂದೆ ಹಿಂದೆ ನಡೆಯುತ್ತ ಎಳೆಯಬೇಕು. ಯಾರು ಕೈಹಾಕಿದರೂ ಮೀನಿನಲ್ಲಿ ಪಾಲು. ನಾವೂ ಹಿಡಿದೆವು. ಆಚೆ ತುದಿಯಲ್ಲಿ ಇಡೀ ಸಮುದ್ರವೇ ಹಗ್ಗ ಹಿಡಿದು ಜಗ್ಗುತ್ತಿದೆ ಅನ್ನಿಸಿತು.

ಬಲೆ ದಂಡೆಗೆ ಬರುವ ಹೊತ್ತಿಗೆ ನನ್ನ ಎದೆ ಹೊಡೆದುಕೊಳ್ಳುವ ರಭಸಕ್ಕೆ ಹೆದರಿ ಮರಳಲ್ಲಿ ಕುಸಿದು ಕೂತೆ. ಹಿಂದಿನ ವಾರವಷ್ಟೇ ಓದಿದ್ದ ಹೃದ್ರೋಗಗಳೆಲ್ಲ ಒಟ್ಟಿಗೇ ನೆನಪಾದವು.

‘ನಂಗೆ ಹಾರ್ಟ್ ಪ್ರಾಬ್ಲಮ್ ಇದ್ದಂಗಿದೆ’ ಎಂದೆ.

ಅವಳು ನಾಡಿ ಹಿಡಿದು ನೋಡಿ ನಕ್ಕಳು. ‘ರೋಗ ಎಂತದೂ ಇಲ್ಲ ಮಾರಾಯ್ತಿ. ನಿನ್ನ ಹಾರ್ಟಿಗೆ ಇವತ್ತು ಕೆಲಸ ಸಿಕ್ಕಿದೆ, ಅಷ್ಟೇ.’

ಎದೆಯ ಮೇಲೆ ಅಂಗೈ ಇಟ್ಟುಕೊಂಡೆ. ಎದುರಿಗೆ ಬಲೆಯ ತುಂಬ ಬಂಗಡೆಗಳು ಪುಟಿಯುತ್ತಿದ್ದವು. ಅಂಗೈಯ ಕೆಳಗೆ ಅದೂ ಹಾಗೇ ಪುಟಿಯುತ್ತಿತ್ತು. ಅನಾಟಮಿ ಹಾಲ್‌ನಲ್ಲಿ ಸತ್ತವರ ಹೃದಯವನ್ನು ಕೈಯಲ್ಲಿ ಹಿಡಿದು ಅದರ ಒಂದೊಂದು ಭಾಗದ ಹೆಸರನ್ನೂ ಬಾಯಿಪಾಠ ಮಾಡಿದವಳು ನಾನು. ಜೀವ ಇರುವ ಹೃದಯ ನನ್ನ ಕೈಗೆ ಸಿಕ್ಕಿದ್ದು ಅವತ್ತೇ ಮೊದಲು, ಅದೂ ನನ್ನದೇ.