ಒಂದು ಸೈಜ್ ದೊಡ್ಡ ಗಾಳಿಪಟ

ಆಷಾಢದ ರವಿವಾರ, ಬೆಳಗಿನ ಏಳು ಗಂಟೆ. ಸ್ಥಳ, ಗೋಕಾಕದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ ಗಂಗವ್ವ, ಹುಕ್ಕೇರಿಯಲ್ಲಿ ಅರಿವೆ ಅಂಗಡಿ ಇಟ್ಟಿರುವ ಗೆಳೆಯ ನೇಮಣ್ಣ. ನಮ್ಮ ನಡುವೆ ಚಾಪೆಯ ಮೇಲೆ ಎರಡು ಗಾಳಿಪಟ ಮಲಗಿದ್ದವು. ಒಂದನ್ನು ಇಟ್ಟುಕೊಳ್ಳಬೇಕು. ಇನ್ನೊಂದನ್ನು ಸಂಜೆಯೊಳಗೆ ಯಮಕನಮರಡಿಗೆ ಮುಟ್ಟಿಸಬೇಕು.

ಗಾಳಿಪಟ ಎಂದ ಕೂಡಲೇ ನೀವು ಕಾಗದ, ಬಿದಿರ ಕಡ್ಡಿ, ಬಾಲಂಗೋಚಿ ನೆನೆದಿರಿ. ಅದಲ್ಲ. ಇದು ಪವರ್ ಕೈಟ್. ಕಡ್ಡಿ ಇಲ್ಲ, ಬಾಲ ಇಲ್ಲ. ಪ್ಯಾರಾಶೂಟಿನ ಬಟ್ಟೆಯಲ್ಲಿ ಉದ್ದುದ್ದ ಚೀಲ ಹೊಲಿದು ಸಾಲಾಗಿ ಜೋಡಿಸಿದಂತಿರುತ್ತದೆ. ಗಾಳಿ ಹೊಕ್ಕರೆ ಉಬ್ಬಿ ಮೇಲೇಳುತ್ತದೆ. ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ನಿಲ್ಲಬೇಕು. ಊರ ಗಾಳಿಪಟವನ್ನು ನಾವು ಎಳೆಯುತ್ತೇವೆ. ಇದು ನಮ್ಮನ್ನು ಎಳೆಯುತ್ತದೆ. (ಸಂಸಾರ ಮಾಡಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.)

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದವನು ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ನಿವೃತ್ತಿಯಾದ ಮೇಲೂ ಐದಕ್ಕೆ ಏಳುತ್ತೇನೆ. ಅಂಗಳದಲ್ಲಿ ಒಬ್ಬನೇ ಸಾಲಾಗಿ ನಿಲ್ಲುತ್ತೇನೆ. ನನ್ನ ಹಳೆಯ ವಿದ್ಯಾರ್ಥಿ ಮಲ್ಲಿಕಜಾನ ಯಮಕನಮರಡಿಯಲ್ಲಿ ಹೈವೇ ಪಕ್ಕ ಲಾರಿ ಆಫೀಸು ಇಟ್ಟಿದ್ದಾನೆ. ಅವನ ಲಾರಿಗಳು ಗೋವೆಗೆ ತರಕಾರಿ ಒಯ್ಯುತ್ತವೆ. ಬರುವಾಗ ಪರದೇಶದ ಪ್ರವಾಸಿಗಳು ಮಾರಿಹೋದ ಸಾಮಾನು ತರುತ್ತವೆ. ಹೋದ ವರ್ಷ ಹಾಗೆ ಬಂದದ್ದೇ ನನ್ನ ಮೊದಲ ಪಟ. ಚಿಕ್ಕದು, ಎರಡು ದಾರದ್ದು. ದಿನಾ ಹಾರಿಸಿ ಕೈ ಪಳಗಿತು. ಆದರೆ ಕೈ ಮಾತ್ರ. ಅದು ಭುಜ ಜಗ್ಗುತ್ತದೆ, ಕಾಲು ನಿಂತಲ್ಲೇ ನಿಲ್ಲುತ್ತದೆ. ನನಗೋ, ಗಾಳಿ ನನ್ನನ್ನು ಹಿಡಿದು ಮೈದಾನದ ಮೇಲೆ ಸರ್ರನೆ ಜಾರಿಸಬೇಕೆಂಬ ಆಸೆ. ಈ ವಯಸ್ಸಿನಲ್ಲಿ ಇದೆಂಥ ಆಸೆ ಎಂದಿರಾ? ಬೇರೆ ಯಾವ ವಯಸ್ಸಿನಲ್ಲಿ ನನಗೆ ಪುರುಸೊತ್ತಿತ್ತು?

ಹೊಸ ಪಟ ಪೆನ್ಶನ್ನಿಗೆ ನಿಲುಕುವ ವಸ್ತುವಲ್ಲ. ಮಲ್ಲಿಕಜಾನ ಎರಡು ಸೆಕೆಂಡ್ ಹ್ಯಾಂಡ್ ಪಟ ಕಳಿಸಿದ. "ಸರ್, ಎರಡಕ್ಕೂ ಒಂದ ರೇಟ್. ನೋಡಿ ಒಂದ ಇಟ್ಕೊಳ್ರಿ, ಇನ್ನೊಂದ ಸಂಜಿ ಗೋವಾ ಲಾರಿಗೆ ವಾಪಸ್ ಹಾಕ್ರಿ" ಎಂದು ಫೋನಿನಲ್ಲಿ ಹೇಳಿದ.

ಒಂದು, ನನ್ನ ಹಳೆಯದಕ್ಕಿಂತ ತುಸು ದೊಡ್ಡದು. ನಾಲ್ಕು ದಾರ. ಮೇಲಿನ ಎರಡು ಹಾರಿಸಲು, ಕೆಳಗಿನ ಎರಡು ಬ್ರೇಕ್. ಇನ್ನೊಂದು ಅದರ ದುಪ್ಪಟ್ಟು. ಬಿಚ್ಚಿದರೆ ಪಡಸಾಲೆ ದಾಟಿ ಅಡುಗೆಮನೆಯ ಹೊಸ್ತಿಲಿಗೆ ಹೋಯಿತು. ದಾರ ಎರಡೇ. ಬ್ರೇಕ್ ಇಲ್ಲ.

"ಒಂದ ರೇಟ್ ಅಂದ್ಮ್ಯಾಲ ಸಣ್ಣದು ಯಾಂವ ತಗೋತಾನ್ರಿ ಮಾಸ್ತರ?" ಎಂದ ನೇಮಣ್ಣ. ದೊಡ್ಡ ಪಟದ ಅಂಚು ಹಿಡಿದು ಮೊಳ ಹಾಕತೊಡಗಿದ. "ಅರಿವಿ ಎಷ್ಟ ಐತಿ ನೋಡ್ರಿ! ಮೀಟರ್ ಲೆಕ್ಕ ಹಿಡದ್ರ ದೊಡ್ಡದು ಅರ್ಧಾ ರೇಟಿಗೆ ಬಿದ್ದಂಗಾತು. ಈಗ ಸ್ವಲ್ಪ ಸಡಲ ಆಗಬಹುದು. ಮುಂದಿನ ವರ್ಷಕ್ಕ ಬರೋಬ್ಬರಿ ಆಗ್ತೈತಿ."

ಖರೆ ಹೇಳಬೇಕೆಂದರೆ, ನನ್ನ ಮನಸ್ಸೂ ಅತ್ತಲೇ ವಾಲಿತ್ತು. ನಮ್ಮ ಕಡೆ ಯಾವುದನ್ನು ಯಾರು ಅಳತೆಗೆ ಸರಿಯಾಗಿ ಕೊಂಡಿದ್ದಾರೆ, ಹೇಳಿ? ಸಾಲೆಯ ಹುಡುಗರ ಅಂಗಿ ಒಂದು ಸೈಜ್ ದೊಡ್ಡದು. ಚಡ್ಡಿಗೆ ಒಳಮಡಿಕೆ ಹಾಕಿಸುತ್ತೇವೆ, ವರ್ಷವರ್ಷ ಬಿಚ್ಚಲು. ಕ್ಯಾನ್ವಾಸ್ ಬೂಟಿನ ಮುಂದೆ ಅರಳೆ ತುರುಕುತ್ತೇವೆ. ನನ್ನ ಪರೇಡಿನಲ್ಲಿ ಹುಡುಗರು ಎಡಗಾಲು ಎತ್ತಿದರೆ ಕಾಲು ಮಾತ್ರ ಮೇಲೆ ಬರುತ್ತಿತ್ತು, ಬೂಟು ನೆಲದಲ್ಲೇ ಸಾವಧಾನ್‌ನಲ್ಲಿ ನಿಂತಿರುತ್ತಿತ್ತು. ಇಬ್ಬರೇ ಇರುವ ಮನೆಗೆ ಇಪ್ಪತ್ತು ಜನರ ಕುಕ್ಕರ್. ಕೇಳಿದರೆ, "ಬೀಗರು ಬಂದ್ರ?" ನೇಮಣ್ಣನ ಅಂಗಡಿ ನಡೆಯುವುದೇ "ಮುಂದಿನ ವರ್ಷ" ಎಂಬ ಶಬ್ದದ ಮೇಲೆ.

ಗಂಗವ್ವ ಚಹಾದ ಕಪ್ಪು ಇಟ್ಟಳು.

"ಮುಂದಿನ ವರ್ಷ ಇವ್ರಿಗೆ ಅರವತ್ತಮೂರು, ನೇಮಣ್ಣಾರ. ಮೈ ಬೆಳಿತೈತೋ, ಇಳಿತೈತೋ?"

ನೇಮಣ್ಣ ಚಹಾ ಕುಡಿದ.

"ಇನ್ನೊಂದು ಮಾತು," ಎಂದಳು ಆಕೆ. "ಇವತ್ತ ಯಾರರೆ ಒಬ್ರು ಬಿದ್ರ, ಹಳೇದು ಹೊಸಾದು ಎರಡೂ ಹರದು ಗಾದಿಗೆ ಗಲೀಫ ಹೊಲಸ್ತೇನಿ. ಆಮ್ಯಾಲ ಅನಬ್ಯಾಡ್ರಿ."

ಪಟ ಹರಿದು ಹಾಸಿಗೆಗೆ ಹೊದಿಕೆ ಹೊಲಿಸುವ ಈ ಮಾತು ಬರೀ ಬೆದರಿಕೆಯಲ್ಲ. ನಮ್ಮ ಸಾಲೆಯ ಬ್ಯಾಂಡಿನಿಂದ ಹರಾಜಿನಲ್ಲಿ ತಂದ ಡೋಲು ಇಂದು ನಮ್ಮ ಮನೆಯಲ್ಲಿ ಜೋಳದ ಡಬ್ಬಿಯಾಗಿದೆ. ಅಂದರೆ, ನನ್ನ ಒಂದು ವರ್ಷದ ಅಭ್ಯಾಸ, ಹಳೆಯ ಪಟ, ಹೊಸ ಪಟ, ಎಲ್ಲದರ ಹಣೆಬರಹ ಆ ದಿನ ಯಾರೂ ಬೀಳದಿರುವುದರ ಮೇಲೆ ನಿಂತಿತು.

ನೇಮಣ್ಣನ ಮಾರುತಿ ವ್ಯಾನಿನಲ್ಲಿ ಮೂವರೂ ಮೂಡಲಗಿಯ ಹೊರಗಿನ ಗಾಯರಾಣಕ್ಕೆ ಹೋದೆವು. ದನ ಮೇಯುವ ಬಯಲು. ವಿದ್ಯುತ್ ತಂತಿ ಇಲ್ಲ, ಗಿಡ ಇಲ್ಲ. ನೇಮಣ್ಣನ ಹೊಸ ಮೊಬೈಲಿಗೆ ರೇಂಜೂ ಇಲ್ಲ. ದೂರದಲ್ಲಿ ಒಂದು ಎಮ್ಮೆ. ಮೋಡ ಕವಿದಿತ್ತು, ನೆಲ ಒದ್ದೆಯಾಗಿತ್ತು. ಆಷಾಢದ ಗಾಳಿ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ನಾನು ನಿಯಮಗಳನ್ನು ಗಟ್ಟಿಯಾಗಿ ಹೇಳಿದೆ: ಗಾಳಿಗೆ ಬೆನ್ನು ಕೊಡಬೇಕು, ಮೊಣಕಾಲು ಮಡಚಬೇಕು, ಜಗ್ಗಾಟ ಜಾಸ್ತಿಯಾದರೆ ಹಿಡಿಕೆ ಬಿಟ್ಟುಬಿಡಬೇಕು.

"ದೊಡ್ಡದು ನಾ ಮೊದಲ ಹಿಡಿತೇನಿ," ಎಂದ ನೇಮಣ್ಣ. "ಮಾಲು ಕೈಯಾಗ ಹಿಡೀಲಾರದ ಹೆಂಗ ಹೇಳೂದು?"

ನಾನು ಬೇಡವೆನ್ನಬೇಕಿತ್ತು. ಆದರೆ ನೇಮಣ್ಣನ ದೇಹ ನನ್ನದರ ಒಂದೂವರೆ ಪಟ್ಟು. ಲಂಗರಿಗೆ ಇದಕ್ಕಿಂತ ಯೋಗ್ಯವಾದದ್ದು ಇಡೀ ತಾಲೂಕಿನಲ್ಲಿ ಇಲ್ಲ ಎಂದುಕೊಂಡೆ.

ಅವನು ಹಿಡಿಕೆ ಹಿಡಿದು ನಿಂತ, ನಾನು ದಾರದ ಆ ತುದಿಯಲ್ಲಿ ಪಟ ಎತ್ತಿಹಿಡಿದೆ. ಗಾಳಿ ಹೊಕ್ಕಿತು. ಫಡ್ ಎಂದಿತು.

ನೇಮಣ್ಣ ಮೊದಲು ನಡೆದ. ಆಮೇಲೆ ಬೇಗ ನಡೆದ. ಆಮೇಲೆ ಓಡಿದ. ಮೂವತ್ತು ವರ್ಷಗಳ ಗೆಳೆತನದಲ್ಲಿ ಅವನು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಿಳಿ ಧೋತರ ಹಿಂದೆ ಧ್ವಜದಂತೆ ಹಾರುತ್ತಿತ್ತು.

"ಬಿಡು! ಕೈ ಬಿಡು!" ಎಂದು ಕೂಗಿದೆ.

"ಹರದ್ರ ನಮ್ಮ ಕೊಳ್ಳಿಗೆ ಬರ್ತೈತ್ರೀ ಮಾಸ್ತರ!" ಎಂಬ ಉತ್ತರ ಗಾಳಿಯಲ್ಲಿ ತೇಲಿ ಬಂತು.

ನೋಡಿ, ಇದು ವ್ಯಾಪಾರಿಯ ರಕ್ತ. ನೋಡಲು ತಂದ ಮಾಲು ಕೆಟ್ಟರೆ ಕೊಂಡಂತೆಯೇ. ಪ್ರಾಣ ಹೋದರೂ ಬಟ್ಟೆಯ ಥಾನು ಬಿಡಬಾರದು. ನನಗೆ ದಿಕ್ಕು ತೋಚದೆ ಬಾಯಿಗೆ ಪರೇಡು ನಿಲ್ಲಿಸುವ ಹಳೆಯ ಹುಕುಂ ಬಂತು. "ಥಮ್!" ಎಂದು ಅಬ್ಬರಿಸಿದೆ. ದೂರದ ಎಮ್ಮೆ ನಿಂತಿತು. ಪಟ ನಿಲ್ಲಲಿಲ್ಲ.

ನೇಮಣ್ಣ ಒಂದು ಬದು ಹಾರಿದ. (ಹಾರಿದ ಎಂದರೆ ಹಾರಿಸಲ್ಪಟ್ಟ.) ಬದುವಿನ ಆಚೆ ಮಳೆನೀರಿನ ತಗ್ಗು. ಗಾಳಿ ಒಂದು ಗಳಿಗೆ ಸತ್ತಿತು, ಪಟ ಬೇಸತ್ತಂತೆ ಕುಸಿಯಿತು. ನಾವು ಓಡಿ ಹೋಗಿ ನೋಡಿದರೆ, ನೇಮಣ್ಣ ಸೊಂಟದವರೆಗೆ ಕೆಸರಿನಲ್ಲಿದ್ದಾನೆ. ಎರಡೂ ಹಿಡಿಕೆ ತಲೆಯ ಮೇಲೆ, ಹನಿ ಕೆಸರೂ ತಾಗಿಲ್ಲ.

"ಪೆಟ್ಟಾತೇನೋ?" ಎಂದೆ.

"ನನಗ ಏನೂ ಆಗಿಲ್ಲ. ಮಾಲು ನೋಡ್ರಿ ಮೊದಲ."

ಗಂಗವ್ವ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಬಿದ್ರಲ್ಲ?"

ಎರಡು ಪಟ ಗಾದಿಯ ಮೇಲೆ ಹಾಸಿದ್ದು ನನ್ನ ಕಣ್ಣಿಗೆ ಕಂಡಿತು. ನೇಮಣ್ಣ ನನ್ನ ಮುಖ ನೋಡಿದ, ಆಕೆಯ ಮುಖ ನೋಡಿದ.

"ಬಿದ್ದಿಲ್ಲ ವೈನಿ," ಎಂದ. "ಕುಂತೇನಿ."

ಆಕೆ ನಗು ತಡೆಯಲಾರದೆ ಬದುವಿನ ಮೇಲೆ ತಾನೂ ಕುಂತುಬಿಟ್ಟಳು. ಕಣ್ಣೀರು ಒರೆಸಿಕೊಂಡು ನನ್ನತ್ತ ಬೊಟ್ಟು ಮಾಡಿದಳು. "ಅವ್ರು ಕುಂತಾರ, ಹೋಗ್ಲಿ. ನೀವು ಕುಂತ್ರೂ ಬಿದ್ದಂಗ ಲೆಕ್ಕ. ಸಣ್ಣದು ತಗೀರಿ."

ನಾಲ್ಕು ದಾರ ಹರವಿ, ಹಿಡಿಕೆ ಹಿಡಿದೆ. ಪಟ ಏರಿತು. ಜಗ್ಗಿತು. ಆದರೆ ಮಾತಾಡಿಸಿ ಜಗ್ಗಿದಂತೆ.

"ನಿಲ್ಲಸ್ರಿ ನೋಡೋಣು," ಎಂದಳು.

ಮಣಿಕಟ್ಟು ತಿರುಗಿಸಿ ಕೆಳಗಿನ ದಾರ ಎಳೆದೆ. ಪಟ ಹಿಂದೆ ಹಿಂದೆ ಬಂದು ನೆಲದಲ್ಲಿ ಕೂತಿತು.

"ಮತ್ತ ಎಬ್ಬಸ್ರಿ."

ಎಬ್ಬಿಸಿದೆ.

"ನಿಲ್ಲಸ್ರಿ. ಎಬ್ಬಸ್ರಿ. ಎಡಕ್ಕ ಒಯ್ರಿ. ನಿಲ್ಲಸ್ರಿ ಅಂದ್ನೆಲ್ಲ!"

ಎಷ್ಟೋ ತಲೆಮಾರಿನ ಹುಡುಗರಿಗೆ ಕವಾಯತು ಮಾಡಿಸಿದವನು ನಾನು. ಮೂಡಲಗಿಯ ಬಯಲಿನಲ್ಲಿ, ಒಂದು ಎಮ್ಮೆ ಮತ್ತು ಕೆಸರಾದ ಒಬ್ಬ ಶೇಠರ ಸಮಕ್ಷಮ, ನನ್ನ ಕವಾಯತು ನಡೆಯಿತು. ಆಮೇಲೆ ಗಾಳಿ ಒಮ್ಮೆ ಗಟ್ಟಿಯಾಗಿ ಬೀಸಿತು. ಪಟವನ್ನು ಬಲದಿಂದ ಎಡಕ್ಕೆ ರಭಸದಿಂದ ಒಯ್ದೆ. ಒದ್ದೆ ಹುಲ್ಲಿನ ಮೇಲೆ ನನ್ನ ಹಿಮ್ಮಡಿ ಜಾರಿತು. ನಿಂತಂತೆಯೇ ಮುಂದೆ ಸರಿದೆ. ಒಂದು ವ್ಯಾನಿನ ಉದ್ದದಷ್ಟೇ. ಆದರೆ ಸರಿಸಿದ್ದು ನನ್ನ ಕಾಲಲ್ಲ, ಗಾಳಿ. ತಕ್ಷಣ ಬ್ರೇಕ್ ಹಿಡಿದೆ, ನಿಂತೆ. ಬೀಳಲಿಲ್ಲ. ಕೂರಲೂ ಇಲ್ಲ.

ತಿರುಗಿ ನೋಡಿದೆ. ನನ್ನ ಮುಖದಲ್ಲಿ ಆಕೆಗೆ ಏನು ಕಂಡಿತೋ, ಹುಕುಂ ಕೊಡುವುದು ನಿಲ್ಲಿಸಿದಳು.

"ಇದನ್ನ ಇಟ್ಕೊಳ್ರಿ," ಎಂದಳು. "ಹೇಳಿದ್ದು ಕೇಳ್ತೈತಿ."

ಎರಡನೇ ಪಟ ಕೊಳ್ಳಬೇಕೆನ್ನುವ ಹೊಸಬರಿಗೆ ನನ್ನ ಬುದ್ಧಿಮಾತು ಇಷ್ಟೇ. ಮೊದಲಿನದಕ್ಕಿಂತ ತುಸುವೇ ದೊಡ್ಡದಿರಲಿ. ಬ್ರೇಕ್ ಇರಲಿ. ಮೀಟರ್ ಲೆಕ್ಕ ಹಾಕುವ ಗೆಳೆಯನನ್ನು ಪ್ರೀತಿಯಿಂದ ವ್ಯಾನಿನಲ್ಲೇ ಕೂರಿಸಿ. ಗಾಳಿ ನಿಮ್ಮ ಮುಂದಿನ ವರ್ಷಕ್ಕಾಗಿ ಬೀಸುವುದಿಲ್ಲ. ಈ ವರ್ಷದ ಮೊಣಕಾಲಿಗೇ ಬೀಸುತ್ತದೆ.

ಮನೆಗೆ ಬಂದು ದೊಡ್ಡ ಪಟದ ಕೆಸರು ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಬಂದ ಮಡಿಕೆಯಲ್ಲೇ ಮಡಚಿದೆ. ಸಂಜೆ ನಾನೂ ನೇಮಣ್ಣನೂ ಯಮಕನಮರಡಿಗೆ ಹೊರಟೆವು. ನೇಮಣ್ಣ ನನ್ನ ಪೈಜಾಮ ತೊಟ್ಟಿದ್ದ. ಅದು ಅವನ ಮೊಣಕಾಲಿನ ಕೆಳಗೇ ಮುಗಿದಿತ್ತು. ದಾರಿಯುದ್ದಕ್ಕೂ ಒಂದೇ ಗೊಣಗು: "ಅದ ರೇಟಿಗೆ ಅರ್ಧಾ ಅರಿವಿ. ಲುಕ್ಸಾನ ಮಾಡ್ಕೊಂಡ್ರಿ ಮಾಸ್ತರ, ಲುಕ್ಸಾನ."

ಲಾರಿ ಹೊರಡಲು ಸಿದ್ಧವಾಗಿ ನಿಂತಿತ್ತು. ಮಲ್ಲಿಕಜಾನ ಪಟ ಬಿಚ್ಚಿ ನೋಡಿದ. ಎಲ್ಲೂ ಹರಿದಿರಲಿಲ್ಲ. "ಸರ್, ಸಣ್ಣದ ಇಟ್ಕೊಂಡ್ರ್ಯಾ? ಎಲ್ಲಾರೂ ದೊಡ್ಡದ ಕೇಳ್ತಾರ್ರಿ," ಎಂದ. ನಾನು ಪಟವನ್ನು ತರಕಾರಿ ಬುಟ್ಟಿಗಳ ನಡುವೆ ಭದ್ರವಾಗಿ ಇಟ್ಟು ಕೆಳಗಿಳಿದೆ.

ಆಗ ನೇಮಣ್ಣ ಮಲ್ಲಿಕಜಾನನ ಹೆಗಲ ಮೇಲೆ ಕೈ ಹಾಕಿ, ದನಿ ತಗ್ಗಿಸಿ ಕೇಳಿದ: "ತಮ್ಮಾ, ಅದ ರೇಟಿಗೆ ಇದಕ್ಕಿಂತಾ ದೊಡ್ಡದು ಬರ್ತಾವೇನು?"

ಮಲ್ಲಿಕಜಾನ ಬಾಯಿ ತೆರೆಯುವಷ್ಟರಲ್ಲಿ ನಾನು ಲಾರಿಯ ಹಿಂಬಾಗಿಲನ್ನು ಧಡಾರನೆ ಹಾಕಿ, ಚಿಲಕ ಜಡಿದು, ಡ್ರೈವರನಿಗೆ ಸೀಟಿ ಊದಿದೆ.

ಕೆಲವು ಪ್ರಶ್ನೆಗಳಿಗೆ ಉತ್ತರ ಬರುವ ಮೊದಲೇ ಲಾರಿ ಬಿಡಿಸುವುದೂ ಒಂದು ಶಿಸ್ತೇ.